ಅಳಿವೆಯಲ್ಲಿ ಚಳಿಗಾಲದ ಹಕ್ಕಿ ಎಣಿಕೆ: ಮೊದಲು ಭರ್ತಿ (ಕಡಲ ಉಬ್ಬರ) ನೋಡಿ, ಆಮೇಲೆ ಬೈನಾಕ್ಯುಲರ್ ಎತ್ತಿ

ಕಳೆದ ಜನವರಿಯ ಪಟ್ಟಿಗಳನ್ನು ಒಟ್ಟು ಹಾಕಲು ಕೂತಾಗ ನನಗೆ ತಲೆ ಕೆಟ್ಟು ಹೋಯಿತು. ಕಾರವಾರದ ಕಾಳಿ ನದಿಯ ಕೋಡಿಬಾಗ ದಡದಿಂದ ಒಬ್ಬರು 300 ಗಲ್ ಹಕ್ಕಿ ಬರೆದಿದ್ದರು. ಎದುರಿನ ಸದಾಶಿವಗಡ ದಡದಿಂದ ಇನ್ನೊಬ್ಬರು 300. ಅದೇ ಹಿಂಡು, ಅರ್ಧ ಗಂಟೆ ವ್ಯತ್ಯಾಸ ಅಷ್ಟೇ. ಮತ್ತೊಂದು ಪಟ್ಟಿಯಲ್ಲಿ ಇಪ್ಪತ್ತು ಹೆಸರು ಇತ್ತು, ಎದುರಿಗೆ ಒಂದೂ ಸಂಖ್ಯೆ ಇಲ್ಲ. ಇನ್ನೊಂದರಲ್ಲಿ 'ಸುಮಾರು ಸಾವಿರ ಕಡಲಕ್ಕಿ' ಅಂತ ಒಂದೇ ಸಾಲು.

ಇವರೆಲ್ಲ ಹಕ್ಕಿ ಗೊತ್ತಿಲ್ಲದವರಲ್ಲ. ನನಗಿಂತ ಜಾಸ್ತಿ ಗೊತ್ತಿದ್ದವರೂ ಇದ್ದಾರೆ. ಎಡವುವುದು ಕೆಲಸದ ಕ್ರಮದಲ್ಲಿ. ಅದಕ್ಕೇ ಈ ಬರಹದಲ್ಲಿ ಹಕ್ಕಿಯ ಅಂದಚಂದ ಇಲ್ಲ, ಯಾವುದನ್ನು ಯಾವುದಕ್ಕಿಂತ ಮೊದಲು ಮಾಡಬೇಕು ಅನ್ನುವುದಷ್ಟೇ ಇದೆ.

ಇಲ್ಲಿ ಹೇಳುತ್ತಿರುವುದು ಜನವರಿಯಲ್ಲಿ ನಡೆಯುವ ಏಷ್ಯಾ ನೀರಹಕ್ಕಿ ಗಣತಿ, ಅಂದರೆ ಏಷಿಯನ್ ವಾಟರ್‌ಬರ್ಡ್ ಸೆನ್ಸಸ್ ಬಗ್ಗೆ. 1987ರಿಂದ ನಡೆಯುತ್ತಿದೆ, ಪೂರ್ತಿ ಸ್ವಯಂಸೇವಕರ ಕೆಲಸ. ಜನವರಿಯೇ ಯಾಕೆ ಅಂದರೆ, ಆಗ ವಲಸೆ ಬಂದ ಹಕ್ಕಿಗಳು ದಾರಿ ಮಧ್ಯದಲ್ಲಿ ಇರುವುದಿಲ್ಲ, ಒಂದು ಕಡೆ ನೆಲೆ ನಿಂತಿರುತ್ತವೆ. ಇನ್ನು ಸಂಖ್ಯೆಯೇ ಯಾಕೆ ಬೇಕು? ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಒಂದು ಜಾಗ ಸೇರಲು ಹಲವು ಅಳತೆಗೋಲುಗಳಿವೆ. ಒಂದು ಜಾತಿಯ ಒಟ್ಟು ಹಕ್ಕಿಗಳಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿ ನಿಯಮಿತವಾಗಿ ಇರಬೇಕು ಅನ್ನುವುದು ಅದರಲ್ಲೊಂದು. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಆ ಪಟ್ಟಿಗೆ ಸೇರಿದೆ. ಅಲ್ಲಿ 'ತುಂಬಾ ಹಕ್ಕಿ ಇದೆ' ಅಂದರೆ ಯಾರಿಗೂ ಉಪಯೋಗ ಇಲ್ಲ, ಎಷ್ಟು ಅಂತ ಬೇಕು.

1. ಡಿಸೆಂಬರಿನಲ್ಲೇ ಜಾಗಕ್ಕೆ ಗಡಿ ಹಾಕಿ

'ಕಾಳಿ ಅಳಿವೆ' ಅನ್ನುವುದು ಎಣಿಕೆಯ ಜಾಗ ಅಲ್ಲ. ಅದು ಬಹಳ ದೊಡ್ಡದು. ಅದರೊಳಗೆ ಒಬ್ಬರು ನಿಂತಲ್ಲಿಂದ ಪೂರ್ತಿ ಕಾಣುವಷ್ಟು ತುಂಡು ಮಾಡಿ. ಈ ದಿಬ್ಬದಿಂದ ಆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಸಾಲಿನವರೆಗೆ ಒಂದು ತುಂಡು, ಅಲ್ಲಿಂದ ಸೇತುವೆಯವರೆಗೆ ಇನ್ನೊಂದು. ಫೋನಿನ ನಕ್ಷೆಯ ಮೇಲೆ ಗೆರೆ ಎಳೆದು ಚಿತ್ರ ತೆಗೆದಿಟ್ಟುಕೊಳ್ಳಿ, ಗುಂಪಿನ ಎಲ್ಲರ ಹತ್ತಿರವೂ ಅದೇ ಚಿತ್ರ ಇರಲಿ.

ಗಡಿಗೆ ಅಲ್ಲಾಡದ ಗುರುತು ಬೇಕು. ನಾವು ಒಂದು ವರ್ಷ ಮರಳು ದಿಬ್ಬವನ್ನೇ ಗಡಿ ಮಾಡಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಆ ದಿಬ್ಬವೇ ಜಾಗ ಬದಲಿಸಿತ್ತು.

ಒಮ್ಮೆ ಗೊತ್ತು ಮಾಡಿದ ಜಾಗವನ್ನು ಮುಂದಿನ ವರ್ಷವೂ ಎಣಿಸಬೇಕು. ಈ ವರ್ಷ ಅಘನಾಶಿನಿಯ ತದಡಿ, ಮುಂದಿನ ವರ್ಷ ಹೊನ್ನಾವರದ ಶರಾವತಿ, ಆಮೇಲೆ ಗಂಗಾವಳಿ ಅಂತ ಸುತ್ತಿದರೆ ಪ್ರವಾಸ ಆಗುತ್ತದೆ, ಎಣಿಕೆ ಆಗುವುದಿಲ್ಲ. ಹಕ್ಕಿ ಕಮ್ಮಿ ಆಯಿತೋ ಜಾಸ್ತಿ ಆಯಿತೋ ಅಂತ ಹೇಳಲು ಅದೇ ಜಾಗದ ಹಳೇ ಲೆಕ್ಕ ಬೇಕಲ್ವಾ?

2. ವಾರ ನೋಡಬೇಡಿ, ಭರ್ತಿ ನೋಡಿ

ಕರಾವಳಿಯ ಎಣಿಕೆಯಲ್ಲಿ ಇದೇ ದೊಡ್ಡ ವಿಷಯ, ಅತಿ ಹೆಚ್ಚು ಜನ ಸೋಲುವುದೂ ಇಲ್ಲೇ. ಭಾನುವಾರ ರಜೆ, ಬೆಳಗ್ಗೆ ಏಳಕ್ಕೆ ಎಲ್ಲ ಸೇರೋಣ ಅಂತ ಗುಂಪಿನಲ್ಲಿ ಸಂದೇಶ ಬರುತ್ತದೆ. ಏಳಕ್ಕೆ ಹೋಗಿ ನೋಡಿದರೆ ನೀರು ಪೂರ್ತಿ ಇಳಿದಿದೆ. ಕೆಸರು ಬಯಲು ಅರ್ಧ ಕಿಲೋಮೀಟರ್ ಆಚೆಯವರೆಗೂ ತೆರೆದುಕೊಂಡಿದೆ. ಹಕ್ಕಿಗಳು ಅದರ ತುಂಬ ಎಳ್ಳು ಚೆಲ್ಲಿದ ಹಾಗೆ ಹರಡಿ ಹೋಗಿವೆ. ಯಾವ ಸ್ಕೋಪ್ (ಮೂರುಕಾಲಿಯ ಮೇಲಿಡುವ ದೂರದರ್ಶಕ) ಇದ್ದರೂ ಪ್ರಯೋಜನ ಇಲ್ಲ.

ಇದರ ಹಿಂದಿನ ಲೆಕ್ಕ ಸರಳ. ಗೊರವ, ಪ್ಲವರ್‌ಗಳಂಥ ದಡದ ಹಕ್ಕಿಗಳು ನೀರು ಇಳಿದಾಗ ಕೆಸರಿನಲ್ಲಿ ಹುಳ, ಏಡಿ ಹೆಕ್ಕುತ್ತವೆ. ನೀರು ಏರುತ್ತಾ ಬಂದ ಹಾಗೆ ಅವುಗಳ ಜಾಗ ಕಿರಿದಾಗುತ್ತದೆ. ಕೊನೆಗೆ ಎಲ್ಲ ಒಣಗಿದ ನೆಲ ಹುಡುಕಿಕೊಂಡು ಒತ್ತೊತ್ತಾಗಿ ಕೂರುತ್ತವೆ. ಅದು ಮರಳು ದಿಬ್ಬ ಇರಬಹುದು, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಟ್ಟೆ ಇರಬಹುದು, ಸಾಣಿಕಟ್ಟಾದಂಥ ಕಡೆ ಉಪ್ಪಿನಾಗರದ ಬದು ಇರಬಹುದು. ಎಣಿಸಬೇಕಾದ್ದು ಆಗ. ಭರ್ತಿ ತುಂಬುವ ಎರಡು ಗಂಟೆ ಮೊದಲೇ ಹೋಗಿ ನಿಂತರೆ ಹಕ್ಕಿಗಳೇ ನಿಮ್ಮ ಕಡೆ ಸರಿಯುತ್ತಾ ಬರುತ್ತವೆ.

ದಿನಕ್ಕೆ ಎರಡು ಸಲ ಭರ್ತಿ, ಎರಡು ಸಲ ಇಳಿತ. ಸಮಯ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಈ ಭಾನುವಾರದ ಸಮಯ ಮುಂದಿನ ಭಾನುವಾರಕ್ಕೆ ಬರುವುದೇ ಇಲ್ಲ. ಕಾರವಾರದ ಉಬ್ಬರ-ಇಳಿತದ ಸಮಯ ಫೋನಿನಲ್ಲೇ ಸಿಗುತ್ತದೆ. ಗಣತಿಯ ಎರಡು ವಾರದಲ್ಲಿ ಯಾವ ದಿನ ಬೆಳಗಿನ ಹೊತ್ತು ನೀರು ಏರುತ್ತದೆ ಅಂತ ಮೊದಲು ನೋಡಿ, ಆಮೇಲೆ ರಜೆ ಹೊಂದಿಸಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇದ್ದರೆ ನೀರು ಜೋರಾಗಿ ಏರುತ್ತದೆ, ಹಕ್ಕಿಗಳಿಗೆ ಕೂರಲು ಉಳಿಯುವ ಜಾಗ ಇನ್ನೂ ಕಮ್ಮಿ.

ಒಂದು ವಿಷಯ ನೆನಪಿಡಿ, ಫೋನಿನ ಸಮಯ ಸಮುದ್ರದ ಬಾಯಿಗೆ ಸರಿ. ನದಿಯೊಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ. ತದಡಿಯಲ್ಲಿ ತುಂಬಿದ ಹೊತ್ತಿಗೇ ಮಿರ್ಜಾನದ ಕಡೆಯೂ ತುಂಬಿರುತ್ತದೆ ಅಂದುಕೊಳ್ಳಬೇಡಿ. ಎಷ್ಟು ತಡ ಅಂತ ಅಲ್ಲಿ ಬಳಚು (ಚಿಪ್ಪುಮೀನು) ತೆಗೆಯುವವರನ್ನು ಕೇಳಿದರೆ ನಿಂತಲ್ಲೇ ಹೇಳುತ್ತಾರೆ.

ಶಿರಸಿ, ಮುಂಡಗೋಡ ಕಡೆ ಕೆರೆ ಎಣಿಸುವವರಿಗೆ ಭರ್ತಿಯ ತಲೆನೋವಿಲ್ಲ. ಅವರಿಗೆ ಮಂಜಿನ ತಲೆನೋವು. ಜನವರಿಯಲ್ಲಿ ಕೆರೆಯ ಮೇಲೆ ಮಂಜು ಎದ್ದಿರುತ್ತದೆ, ಅದು ಕರಗುವವರೆಗೆ ಚಹಾ ಕುಡಿಯಿರಿ, ಎಣಿಸಬೇಡಿ. ಹಾಗೇ ಸೋಂದಾದ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಆ ಗಿಜಿಗಿಜಿ ಜನವರಿಯಲ್ಲಿ ಕಾಣಲಿಲ್ಲ ಅಂತ ಬೇಜಾರಾಗಿ ಪಟ್ಟಿ ಹಾಕದೇ ಇರಬೇಡಿ. ಐದೇ ಹಕ್ಕಿ ಇದ್ದರೆ ಐದು ಅಂತ ಬರೆಯಿರಿ. ಒಂದೂ ಇಲ್ಲದಿದ್ದರೆ, ಹೋಗಿ ನೋಡಿದ್ದೆವು, ಇರಲಿಲ್ಲ ಅನ್ನುವುದೂ ಲೆಕ್ಕವೇ.

3. ಚೀಲದಲ್ಲಿ ಇರಬೇಕಾದ್ದು

8×42 ಬೈನಾಕ್ಯುಲರ್ ಸಾಕು. ಗುಂಪಿಗೊಂದು ಸ್ಕೋಪ್ ಇದ್ದರೆ ಒಳ್ಳೆಯದು, ಆದರೆ ಗಟ್ಟಿ ಮೂರುಕಾಲಿ ಇಲ್ಲದ ಸ್ಕೋಪ್ ತರುವ ಬದಲು ಮನೆಯಲ್ಲೇ ಬಿಟ್ಟು ಬನ್ನಿ. ಹೊತ್ತು ಏರಿ ಕಡಲ ಗಾಳಿ ಶುರುವಾದರೆ ಹಕ್ಕಿಗಿಂತ ಸ್ಕೋಪೇ ಜಾಸ್ತಿ ಕುಣಿಯುತ್ತದೆ.

ಬೆರಳಿಗೆ ಸಿಕ್ಕಿಸಿಕೊಂಡು ಒತ್ತುವ ಎಣಿಕೆ ಯಂತ್ರ ಒಂದಿರಲಿ. ಜಪ ಎಣಿಸಲು ದೇವಸ್ಥಾನದ ಮುಂದಿನ ಅಂಗಡಿಗಳಲ್ಲಿ ಮಾರುತ್ತಾರಲ್ಲ, ಅದೇ. ಪುಟ್ಟ ಪುಸ್ತಕ, ಪೆನ್ಸಿಲ್. ಪೆನ್ ಬೇಡ, ಇಬ್ಬನಿಗೆ ಕಾಗದ ಒದ್ದೆಯಾದರೆ ಬರೆಯುವುದಿಲ್ಲ. ಕಂಡ ಹಕ್ಕಿಗಳನ್ನು ದಾಖಲಿಸುವ ಈಬರ್ಡ್ ಆಪ್ ಅನ್ನು ಫೋನಿನಲ್ಲಿ ಹಾಕಿಕೊಂಡು ನಮ್ಮ ಪ್ರದೇಶದ ಹಕ್ಕಿ ಪಟ್ಟಿಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಗಜನಿಗಳ ಹತ್ತಿರ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ. ಕಾಲಿಗೆ ದಾರ ಬಿಗಿಯುವ ಹಳೇ ಶೂ. ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ, ಬರಿಗಾಲಿಗೆ ಸಿಂಪಿ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ.

4. ಮನೆಯಲ್ಲಿ ಅಕ್ಕಿ ಚೆಲ್ಲಿ ಅಭ್ಯಾಸ ಮಾಡಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದವರ ಲೆಕ್ಕ ಮಾತ್ರ ಸರಿ ಇರುತ್ತದೆ.

ಕಪ್ಪು ಬಟ್ಟೆ ಹಾಸಿ, ಸ್ವಲ್ಪ ಅಕ್ಕಿ ಚೆಲ್ಲಿ. ಐದು ಸೆಕೆಂಡು ನೋಡಿ, ಎಷ್ಟಿರಬಹುದು ಅಂತ ಬರೆಯಿರಿ. ಆಮೇಲೆ ಒಂದೊಂದೇ ಕಾಳು ಎಣಿಸಿ. ನಾನು ಮೊದಲ ಸಲ 150 ಅಂತ ಬರೆದಿದ್ದೆ, ಇದ್ದಿದ್ದು 340. ಅಕ್ಕಿ ಆರಿಸುವ ಕೆಲಸ ಕಡೆಗೂ ಕಲಿತೆ ಅಂತ ಅತ್ತೆ ನಕ್ಕರು. ಎರಡು ವಾರ ದಿನಾ ಮಾಡಿದ ಮೇಲೆ ಊಹೆ ನಿಜದ ಹತ್ತಿರ ಬರತೊಡಗಿತು. ಹಿಂಡು ದೊಡ್ಡದಾದಷ್ಟೂ ನಮ್ಮ ಕಣ್ಣು ಕಮ್ಮಿ ಹೇಳುತ್ತದೆ. ನಿಮ್ಮ ಕಣ್ಣು ಎಷ್ಟು ಕಮ್ಮಿ ಹೇಳುತ್ತದೆ ಅಂತ ಜನವರಿಗೆ ಮೊದಲೇ ಗೊತ್ತಿರಬೇಕು.

ಇನ್ನು ವಿಧಾನ. ಒಟ್ಟು ರಾಶಿ ನೋಡಿ ಊಹೆ ಮಾಡಬೇಡಿ. ಮೊದಲು ಹತ್ತು ಕಾಳು ನಿಜವಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಿಗೆ ಕೂರಿಸಿಕೊಳ್ಳಿ, ಅದೇ ಅಳತೆ ಹಿಡಿದು ಹತ್ತು ಹತ್ತಾಗಿ ಮುಂದೆ ಸರಿಯಿರಿ. ದೊಡ್ಡ ಹಿಂಡಿಗೆ ಐವತ್ತು ಅಥವಾ ನೂರರ ತುಂಡು. ಹಿಂಡಿನ ನಡುವೆ ದಟ್ಟ, ಅಂಚಿನಲ್ಲಿ ವಿರಳ. ನಡುವಿನ ಅಳತೆಯನ್ನೇ ಅಂಚಿಗೂ ಹಾಕಿದರೆ ಇಲ್ಲದ ಹಕ್ಕಿಗಳು ಹುಟ್ಟಿಕೊಳ್ಳುತ್ತವೆ. ಅಂಚಿಗೆ ಹೋದಾಗ ಮತ್ತೆ ಹತ್ತು ಎಣಿಸಿ ಅಳತೆ ಬದಲಿಸಿ.

5. ನಿಲ್ಲುವ ಜಾಗ, ಬೆಳಕು

ಬೆಳಕು ಎದುರಿಗೆ ಇದ್ದರೆ ಎಲ್ಲ ಹಕ್ಕಿಯೂ ಕರಿ ಹಕ್ಕಿಯೇ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ, ಹಾಗಾಗಿ ನದಿಯ ದಕ್ಷಿಣ ದಡದಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ ದಿನದ ಬಹುಪಾಲು ಬೆಳಕು ಬೆನ್ನಿಗೋ ಪಕ್ಕಕ್ಕೋ ಇರುತ್ತದೆ. ಕಾಳಿಯಲ್ಲಿ ಸದಾಶಿವಗಡಕ್ಕಿಂತ ಕೋಡಿಬಾಗದ ಕಡೆ ವಾಸಿ ಅನ್ನುವುದು ಇದಕ್ಕೇ. ಕಡಲ ತೀರದಲ್ಲಾದರೆ ಬೆಳಗ್ಗೆ ಎಣಿಸಿ. ಸಂಜೆ ಸೂರ್ಯ ನೀರಿನ ಮೇಲೆ ಬಂದ ಮೇಲೆ ಕಣ್ಣು ಬಿಡಲು ಆಗುವುದಿಲ್ಲ.

ಸೇತುವೆ ಮೇಲೆ ನಿಂತು ಎಣಿಸುವ ಚಟ ಕೆಲವರಿಗಿದೆ. ಬಿಟ್ಟುಬಿಡಿ. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದು ಗೊತ್ತೇ ಇದೆ. ಲಾರಿ ಓಡಾಡುವ ಹೆದ್ದಾರಿಯಲ್ಲಿ ಕಣ್ಣಿಗೆ ಬೈನಾಕ್ಯುಲರ್ ಇಟ್ಟು ನಿಲ್ಲುವುದು ಎಣಿಕೆ ಅಲ್ಲ, ಹುಚ್ಚಾಟ. ಹಾಗೇ ಅರ್ಗಾ ಕಡೆ ನೌಕಾನೆಲೆಯ ಸುತ್ತಮುತ್ತ ಸ್ಕೋಪ್, ಕ್ಯಾಮೆರಾ ತೆಗೆಯಲೇಬೇಡಿ. ನಾನು ಗೊರವ ನೋಡ್ತಿದ್ದೆ ಸಾರ್ ಅಂದರೆ ಯಾರೂ ನಂಬುವುದಿಲ್ಲ.

6. ಎಣಿಸುವ ಕ್ರಮ

ಮೊದಲ ಐದು ನಿಮಿಷ ಎಣಿಸಬೇಡಿ. ಬರಿಗಣ್ಣಿನಲ್ಲಿ ಇಡೀ ಜಾಗ ನೋಡಿ. ಹಿಂಡು ಎಲ್ಲೆಲ್ಲಿದೆ, ಯಾವುದು ಹಾರಲು ತಯಾರಾಗಿದೆ, ನಾಯಿ ಎಲ್ಲಿದೆ, ಬಲೆ ಎಳೆಯುವವರು ಎಲ್ಲಿದ್ದಾರೆ. ಪುಸ್ತಕದಲ್ಲಿ ಸಮಯ, ನೀರಿನ ಸ್ಥಿತಿ ಬರೆದುಕೊಳ್ಳಿ.

ಆಮೇಲೆ ಹಾರಿ ಹೋಗಬಹುದಾದ ಹಿಂಡನ್ನು ಮೊದಲು ಎಣಿಸಿ. ದಿಬ್ಬದ ಮೇಲೆ ನಿದ್ದೆ ಮಾಡುತ್ತಿರುವ ಪ್ಲವರ್‌ಗಳು ಕಾಯುತ್ತವೆ, ಗಲ್‌ಗಳು ಕಾಯುವುದಿಲ್ಲ.

ಎಡದಿಂದ ಬಲಕ್ಕೆ ಅಂತ ಶುರು ಮಾಡಿದರೆ ಕೊನೆವರೆಗೂ ಎಡದಿಂದ ಬಲಕ್ಕೇ. ಇನ್ನೂ ಎಣಿಸದ ಬಲಗಡೆಯಿಂದ ಹಾರಿ ಎಡಕ್ಕೆ ಹೋದ ಹಕ್ಕಿಯನ್ನು ಹಾರುವಾಗಲೇ ಎಣಿಸಿ. ಆಗಲೇ ಎಣಿಸಿದ ಎಡಗಡೆಯಿಂದ ಎದ್ದು ಬಲಕ್ಕೆ ಹೋಗಿ ಕೂತದ್ದನ್ನು ಬಿಡಿ, ಎಲ್ಲಿ ಕೂತಿತು ಅಂತ ಮಾತ್ರ ನೆನಪಿಟ್ಟುಕೊಳ್ಳಿ, ಅಲ್ಲಿಗೆ ಬಂದಾಗ ಅಷ್ಟನ್ನು ಕಳೆಯಬೇಕು.

ಬೆರಕೆ ಹಿಂಡಿನಲ್ಲಿ ಮೊದಲು ಒಟ್ಟು ಎಷ್ಟು ಅಂತ ಎಣಿಸಿ. ಆಮೇಲೆ ಹಿಂಡಿನ ಮೂರು ನಾಲ್ಕು ಕಡೆಯಿಂದ ಒಟ್ಟು ನೂರು ಹಕ್ಕಿ ನೋಡಿ ಯಾವ ಜಾತಿ ಎಷ್ಟು ಅಂತ ಲೆಕ್ಕ ತೆಗೆಯಿರಿ, ಅದೇ ಪ್ರಮಾಣದಲ್ಲಿ ಒಟ್ಟನ್ನು ಹಂಚಿ. ಒಂದೇ ಮೂಲೆಯಿಂದ ನೂರು ನೋಡಿದರೆ ಮೋಸ ಹೋಗುತ್ತೀರಿ, ಒಂದೇ ಜಾತಿಯವು ಒಟ್ಟಿಗೆ ಕೂರುವುದು ಜಾಸ್ತಿ. ವಿರಳ ಜಾತಿಯವು ನಾಲ್ಕೋ ಐದೋ ಇದ್ದರೆ ಅವನ್ನು ಬೇರೆಯಾಗಿ ಒಂದೊಂದೇ ಎಣಿಸಿ.

ರಂಪಣಿ ಬಲೆ ಎಳೆಯುವಾಗ ಗಲ್, ಗರುಡ, ಕಾಗೆ ಎಲ್ಲ ಸುತ್ತುತ್ತಿರುತ್ತವೆ. ನೋಡಲು ಚಂದ, ಎಣಿಸಲು ಅಸಾಧ್ಯ. ಬಲೆ ದಡಕ್ಕೆ ಬಂದು, ಮೀನು ಬುಟ್ಟಿಗೆ ಹೋಗಿ, ಹಕ್ಕಿಗಳು ಮರಳ ಮೇಲೆ ಕೂರುವವರೆಗೆ ಕಾಯಿರಿ. ತಡೆಯಲಾಗದಿದ್ದರೆ ಎರಡು ಮೂರು ಫೋಟೋ ತೆಗೆದು ಮನೆಯಲ್ಲಿ ಚುಕ್ಕೆ ಹಾಕುತ್ತಾ ಎಣಿಸಿ.

ಎರಡು ದಡಕ್ಕೆ ಎರಡು ತಂಡ ಇದ್ದರೆ ಒಂದೇ ಹೊತ್ತಿಗೆ ಎಣಿಸಿ, ಫೋನಿನಲ್ಲಿ ಮಾತಾಡುತ್ತಿರಿ. '7:40ಕ್ಕೆ ಸುಮಾರು ಮುನ್ನೂರು ಗಲ್ ನಿಮ್ಮ ಕಡೆ ಹೊರಟವು, ನಾವು ಎಣಿಸಿ ಆಗಿದೆ' ಅಂತ ಒಂದು ಮಾತು ಹೇಳಿದ್ದರೆ ಕಳೆದ ವರ್ಷದ ಆ 300 ಎರಡು ಸಲ ಬರುತ್ತಿರಲಿಲ್ಲ.

7. ಎಲ್ಲರೂ ಎಡವುವ ಜೋಡಿಗಳು

ಬಿಳಿ ಬೆಳ್ಳಕ್ಕಿ ಕಂಡ ಕೂಡಲೇ ಚಿಕ್ಕ ಬೆಳ್ಳಕ್ಕಿ ಅಂತ ಬರೆಯಬೇಡಿ. ಅದಕ್ಕೆ ಕಪ್ಪು ತೆಳು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ನಮ್ಮ ಅಳಿವೆಗಳಲ್ಲಿ ವೆಸ್ಟರ್ನ್ ರೀಫ್ ಎಗ್ರೆಟ್ ಕೂಡ ಇದೆ, ಅದರಲ್ಲಿ ಬೂದು ಬಣ್ಣದ್ದೂ ಬಿಳಿಯದೂ ಇರುತ್ತವೆ. ಬೂದಿಯದು ಸುಲಭ, ಗಂಟಲು ಬಿಳಿ. ಬಿಳಿಯದರ ಕೊಕ್ಕು ನೋಡಿ, ದಪ್ಪಗೆ, ಹಳದಿ ಮಿಶ್ರಿತ ಕಂದು.

ಸಣ್ಣ ಪ್ಲವರ್‌ಗಳಲ್ಲಿ ಕುತ್ತಿಗೆಯ ಸುತ್ತ ಹಿಂದಕ್ಕೂ ಬಿಳಿ ಪಟ್ಟಿ ಇದ್ದರೆ ಕೆಂಟಿಷ್ ಪ್ಲವರ್, ಹಿಂಗುತ್ತಿಗೆಯಲ್ಲಿ ಬಿಳಿ ಇಲ್ಲದಿದ್ದರೆ ಸ್ಯಾಂಡ್ ಪ್ಲವರ್. ಕೊಕ್ಕು ಕೆಳಗೆ ಬಾಗಿದ ದೊಡ್ಡ ಹಕ್ಕಿಗೆ ತಲೆ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್. ಪಟ್ಟೆ ಇಲ್ಲದೆ, ಕೊಕ್ಕು ಇಷ್ಟುದ್ದ ಯಾಕಪ್ಪಾ ಅನ್ನಿಸಿದರೆ ಕರ್ಲ್ಯೂ. ಕಂದುತಲೆ ಗಲ್, ಕರಿತಲೆ ಗಲ್ ಎರಡಕ್ಕೂ ಚಳಿಗಾಲದಲ್ಲಿ ತಲೆ ಬಿಳಿಯೇ, ಕಿವಿ ಹತ್ತಿರ ಒಂದು ಕಪ್ಪು ಮಚ್ಚೆ ಇರುತ್ತದೆ. ಬೆಳೆದ ಹಕ್ಕಿ ಹಾರಿದಾಗ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಕಂದುತಲೆ.

ಗೊತ್ತಾಗಲಿಲ್ಲವೇ? ಸುಮ್ನೆ ಒಂದು ಹೆಸರು ಅಂಟಿಸಬೇಡಿ. ಈಬರ್ಡ್‌ನಲ್ಲಿ 'ಗಲ್ ಜಾತಿ', 'ಇದು ಅಥವಾ ಅದು' ಅನ್ನುವಂಥ ಆಯ್ಕೆಗಳಿವೆ. ಗುರುತಾಗದ 80 ಗಲ್ ಅಂತ ಬರೆಯಲು ನಾಚಿಕೆ ಬೇಡ. ಸುಳ್ಳು ಹೆಸರಿನ 80ಕ್ಕಿಂತ ಅದೇ ಮೇಲು.

8. ಎಚ್ಚರಿಕೆಯ ಸೂಚನೆಗಳು

ಹಕ್ಕಿ ಹಾರುವ ಮೊದಲು ಹೇಳಿಯೇ ಹಾರುತ್ತದೆ. ನಿದ್ದೆಯಲ್ಲಿದ್ದವು ತಲೆ ಎತ್ತುತ್ತವೆ. ತಿನ್ನುವುದು ನಿಲ್ಲುತ್ತದೆ. ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಡೆಯತೊಡಗುತ್ತವೆ. ಒಂದೆರಡು ಕೂಗುತ್ತವೆ. ತಲೆ ಎತ್ತಿದ್ದು ಕಂಡಾಗಲೇ ನಿಂತುಬಿಡಿ, ಎರಡು ಹೆಜ್ಜೆ ಹಿಂದೆ ಹೋಗಿ. ಹಾರಿಸಿದಿರೋ, ನಿಮ್ಮ ಲೆಕ್ಕವೂ ಹೋಯಿತು, ಪಕ್ಕದ ತಂಡದ್ದೂ ಹೋಯಿತು. ಇದೇ ಮರಳಲ್ಲಿ ತಿಂದು ಮೈ ಕೂಡಿಸಿಕೊಂಡು ವಾಪಸ್ ಸಾವಿರಾರು ಕಿಲೋಮೀಟರ್ ಹೋಗಬೇಕಾದ ಹಕ್ಕಿಯನ್ನು ಫೋಟೋಗಾಗಿ ಎಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೀರೂ ಸೂಚನೆ ಕೊಡುತ್ತದೆ, ನಾವು ನೋಡುವುದಿಲ್ಲ. ಒಮ್ಮೆ ಅಳಿವೆಯ ದಿಬ್ಬದ ಮೇಲೆ ಸ್ಕೋಪಿಗೆ ಕಣ್ಣಿಟ್ಟು ಕೂತಿದ್ದೆವು. ಎದುರಿಗೆ ನೀರು ಇನ್ನೂ ದೂರವೇ ಇತ್ತು. ತಿರುಗಿ ನೋಡಿದರೆ ನಾವು ನಡೆದು ಬಂದ ತಗ್ಗು ಸೊಂಟದುದ್ದ ತುಂಬಿದೆ. ಪಾತಿದೋಣಿಯವರೊಬ್ಬರು ಬಂದು ಹತ್ತಿಸಿಕೊಂಡರು. 'ನೀವು ಹಕ್ಕಿ ಎಣಿಸ್ತಾ ಕೂತ್ರೆ ಸಂಜಿಗೆ ನಿಮ್ಮನ್ನ ನಾವು ಎಣಿಸ್ಬೇಕಾಗ್ತದೆ' ಅಂತ ಬೈದರು. ಅವತ್ತಿನಿಂದ ತಂಡದಲ್ಲಿ ಒಬ್ಬರ ಕೆಲಸ ಹಿಂದೆ ನೋಡುವುದು ಮಾತ್ರ. ಬರುವಾಗ ದಾಟಿದ ತಗ್ಗಿನಲ್ಲಿ ಒಂದು ಕೋಲು ನೆಡಿ, ಅದರ ಬುಡಕ್ಕೆ ನೀರು ಮುಟ್ಟಿತು ಅಂದರೆ ಎಣಿಕೆ ಎಲ್ಲಿಗೇ ಬಂದಿರಲಿ, ಎದ್ದು ಹೊರಡಿ. ಹೊಳೆಯುವ ನುಣುಪು ಕೆಸರಿಗೆ ಕಾಲಿಡುವ ಮುಂಚೆ ಕೋಲು ಇಳಿಸಿ ನೋಡಿ.

9. ಪಟ್ಟಿ ಹಾಕುವುದು

ಅವತ್ತೇ ಈಬರ್ಡ್‌ನಲ್ಲಿ ಹಾಕಿ. ನಾಳೆಗೆ ಬಿಟ್ಟರೆ ಪುಸ್ತಕದಲ್ಲಿ ಬರೆದ 'ಸ್ಯಾ.ಪ್ಲ 40+ದಿಬ್ಬದ್ದು' ಏನು ಅಂತ ನಿಮಗೇ ಗೊತ್ತಾಗುವುದಿಲ್ಲ.

ಒಂದು ತುಂಡು ಜಾಗಕ್ಕೆ ಒಂದು ಪಟ್ಟಿ. ಕಾರವಾರದಿಂದ ಕುಮಟಾವರೆಗೆ ಇಡೀ ದಿನ ಓಡಾಡಿ ಒಂದೇ ಪಟ್ಟಿ ಹಾಕಿದರೆ ಅದು ಯಾವ ಜಾಗಕ್ಕೂ ಸೇರುವುದಿಲ್ಲ. ಶುರು ಮಾಡಿದ ಸಮಯ, ಎಷ್ಟು ನಿಮಿಷ, ನಿಂತಲ್ಲೇ ಎಣಿಸಿದ್ದೋ ನಡೆದದ್ದೋ, ಎಷ್ಟು ದೂರ, ಎಲ್ಲವನ್ನೂ ತುಂಬಿ. ಸಂಖ್ಯೆಯ ಜಾಗದಲ್ಲಿ 'ಎಕ್ಸ್' ಹಾಕಬೇಡಿ. ಎಕ್ಸ್ ಅಂದರೆ ಇತ್ತು ಅಂತ ಅಷ್ಟೇ, ಎಷ್ಟು ಅಂತ ಇಲ್ಲ. ಗುರುತಿಸಿದ ಎಲ್ಲ ಹಕ್ಕಿಯನ್ನೂ ಬರೆದಿದ್ದೀರಾ ಅಂತ ಆಪ್ ಕೇಳುತ್ತದೆ. ಕಾಗೆ, ಗರುಡ ಬಿಟ್ಟು ಬರೀ ಗೊರವ ಬರೆದು ಹೌದು ಅಂತ ಒತ್ತಬೇಡಿ.

ದೊಡ್ಡ ಸಂಖ್ಯೆಗೆ ಕೆಳಗೆ ಒಂದು ಸಾಲು ಟಿಪ್ಪಣಿ ಹಾಕಿ: 'ಐವತ್ತರ ತುಂಡಾಗಿ ಎಣಿಸಿದ್ದು, ಭರ್ತಿ ಹೊತ್ತು' ಅಂತ. ನಾಯಿ, ಮರಳು ತೆಗೆಯುವುದು, ಕಸ, ಹೊಸ ಕಟ್ಟೆ ಏನಾದರೂ ಕಂಡಿದ್ದರೆ ಅದನ್ನೂ ಬರೆಯಿರಿ. ಗಣತಿಯ ನಮೂನೆಯಲ್ಲಿ ಜಾಗದ ಸ್ಥಿತಿಗೆ ಬೇರೆ ಅಂಕಣವೇ ಇದೆ, ಅದನ್ನು ಖಾಲಿ ಬಿಡುವವರೇ ಜಾಸ್ತಿ. ಗುಂಪಿನಲ್ಲಿ ಹೋಗಿದ್ದರೆ ಒಬ್ಬರು ಮಾತ್ರ ಪಟ್ಟಿ ಹಾಕಿ ಉಳಿದವರಿಗೆ ಹಂಚಿ. ಐದು ಜನ ಐದು ಪಟ್ಟಿ ಬೇರೆ ಬೇರೆ ಹಾಕಿದರೆ ಅದೇ ಹಿಂಡು ಐದು ಸಲ ಬರುತ್ತದೆ.

ಕೆಲವು ದಿನದ ನಂತರ ಪರಿಶೀಲಕರಿಂದ ಪ್ರಶ್ನೆ ಬರಬಹುದು, ಈ ಸಂಖ್ಯೆ ಜಾಸ್ತಿ ಅಲ್ವಾ, ಫೋಟೋ ಇದೆಯಾ ಅಂತ. ಮುನಿಸಿಕೊಳ್ಳಬೇಡಿ. ಪುಸ್ತಕ ತೆಗೆದು ನೋಡಿ, ಸರಿ ಇದ್ದರೆ ಹೇಗೆ ಎಣಿಸಿದಿರಿ ಅಂತ ಬರೆಯಿರಿ, ತಪ್ಪಿದ್ದರೆ ತಿದ್ದಿ. ನನ್ನ 2000 ಸ್ಯಾಂಡ್ ಪ್ಲವರ್ ಒಮ್ಮೆ ಹೀಗೇ 200 ಆಗಿತ್ತು. ಸೊನ್ನೆ ಒಂದು ಜಾಸ್ತಿ ಬಿದ್ದಿತ್ತು.